ತೂಬಿನ ಕೆಳಗಿನ ಚಕ್ರ

ಬೆಂದ ರೇಷ್ಮೆಗೂಡಿನ ವಾಸನೆಯು ಶಿಡ್ಲಘಟ್ಟದ ಬೀದಿಗಳಲ್ಲಿ ಈಗಲೂ ಎದುರಾದರೆ, ನಮ್ಮ ಚಿಕ್ಕಪ್ಪನವರು ನಮ್ಮೂರ ಕೆರೆಯ ತೂಬಿನ ಕೆಳಗೆ ಕೂರಿಸಿದ್ದ ಚಕ್ರವು ನೆನಪಿಗೆ ಬರುತ್ತದೆಂದು ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಗುಜರಿಗೆ ಬಿದ್ದಿದ್ದ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಯಂತ್ರದ ಚಕ್ರವದು. ಎಷ್ಟು ತೊಳೆದರೂ ಆ ವಾಸನೆ ಬಿಟ್ಟಿರಲಿಲ್ಲ. ಅದಕ್ಕೆ ಪೈಪು ಸೀಳಿ ಮಾಡಿದ ರೆಕ್ಕೆಗಳನ್ನು ಬಿಗಿದು, ಹಳೆಯ ಡೈನಮೋ ಜೋಡಿಸಿ, ಕೆರೆ ಏರಿಯ ಕೆಳಗಿದ್ದ ನಮ್ಮ ಮನೆಯ ಜಗುಲಿಗೆ ತಂತಿ ಎಳೆದು, ಪರೀಕ್ಷೆಗೆಂದು ಒಂದು ಬಲ್ಬು ತೂಗುಹಾಕಿದ್ದರು. ಕರೆಂಟು ಕಾಣದ ಬೆಟ್ಟದಾಚೆಯ ಹಟ್ಟಿಗಳಿಗೆ, ಸಣ್ಣ ತೊರೆಗೂ ತಿರುಗುವ ಇಂಥ ಚಕ್ರಗಳನ್ನು ಮಾಡಿಕೊಡಬೇಕೆಂಬುದು ಅವರ ಆಸೆಯಾಗಿತ್ತು. "ಕೆಟ್ರೆ ಸೈಕಲ್ ಶಾಪಿನೋನೇ ರಿಪೇರಿ ಮಾಡಂಗಿರ್ಬೇಕು," ಎನ್ನುತ್ತಿದ್ದರು.

ನಮ್ಮ ತಾತನವರು ಊರಿನ ನೀರುಗಂಟಿ. ಸರದಿಯ ಪ್ರಕಾರ ತೂಬೆತ್ತಿ ಹೊಲಗಳಿಗೆ ನೀರು ಬಿಡುವ ಹೊಣೆ ಅವರದಾಗಿತ್ತು. ನೀರು ಹರಿದಾಗ ಮಾತ್ರ ಜಗುಲಿಯ ಬಲ್ಬು ಉರಿಯುತ್ತಿದ್ದುದರಿಂದ, ಮೊದಮೊದಲು ಬೆರಗಿನಿಂದ ನೋಡುತ್ತಿದ್ದ ಊರಿನವರು ಬರಬರುತ್ತಾ, ಸರದಿ ತಪ್ಪಿ ನೀರು ಬಿಡುತ್ತಾರೇನೋ ಎಂದು ಅದನ್ನು ಕಾವಲು ಕಾಯತೊಡಗಿದರು.

ಯಾರ ಸರದಿಯೂ ಇಲ್ಲದ ಒಂದು ಸಂಜೆ ಆ ಬಲ್ಬು ಮಂಕಾಗಿ ಹೊತ್ತಿಕೊಂಡಿತು. ಪಕ್ಕದ ಮನೆಯ ಮುನಿಯಪ್ಪನವರು ಬಂದು, "ಏನಣ್ಣ, ನಿಮ್ಮ ಬಲ್ಬಿಗೂ ಒಂದು ಸರದಿ ಮಾಡ್ಕೊಂಡ್ರಾ?" ಎಂದು ನಕ್ಕರು. ಅವರ ಹಿಂದೆ ಬಂದು ನಿಂತಿದ್ದ ಊರಿನವರು ನಗಲಿಲ್ಲ. ತಾತನವರು, ಇವನೇ ತೂಬೆತ್ತಿರಬಹುದೆಂದು, ಚಿಕ್ಕಪ್ಪನವರತ್ತ ನೋಡಿದರು. ಚಿಕ್ಕಪ್ಪನವರೂ ಅದೇ ಅನುಮಾನದಿಂದ ತಾತನವರತ್ತ ನೋಡಿದರು.

ಎಲ್ಲರೂ ಹೋಗಿ ನೋಡಲಾಗಿ, ತೂಬು ಮುಚ್ಚಿಯೇ ಇತ್ತು. ಕಲ್ಲಿನ ಸಂದಿಯಿಂದ ಎಂದಿನಂತೆ ನೀರು ಸೋರುತ್ತಿತ್ತು. ಅಂದು ಬೆಳಿಗ್ಗೆಯಷ್ಟೇ ಹೊಸ ಬೇರಿಂಗ್ ಹಾಕಿಸಿಕೊಂಡಿದ್ದ ಚಕ್ರವು ಆ ಸೋರಿಕೆಗೇ ತಿರುಗುತ್ತಿತ್ತು. ತಾತನವರು ಸೋರುವ ನೀರಿಗೆ ಅಂಗೈ ಒಡ್ಡಿ, "ಇಷ್ಟೇ ನೀರಿಗಾ?" ಎಂದರು.

"ಇಷ್ಟೇ ಅಪ್ಪ," ಎಂದರು ಚಿಕ್ಕಪ್ಪನವರು. ಅವರು ಬಯಸಿದ್ದ ಚಕ್ರ ಅದೇ.

"ನಾವು ಬರೋದ್ರೊಳಗೆ ತೂಬು ಮುಚ್ಚಿದ್ರೆ ಯಾರ್ಗೆ ಗೊತ್ತಾಗತ್ತೆ ಬಿಡಣ್ಣ," ಎಂದರು ಮುನಿಯಪ್ಪನವರು.

ಮನೆಗೆ ಬಂದ ಮೇಲೆ ತಾತನವರು, "ನಾನು ನಂಬ್ತೀನಪ್ಪ. ಊರು ನಂಬಲ್ಲ. ತೆಗ್ದುಬಿಡು," ಎಂದರು. ಅವರು ನಿಜಕ್ಕೂ ನಂಬಿದ್ದರೇ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಚಿಕ್ಕಪ್ಪನವರು ಮರುದಿನವೇ ಚಕ್ರವನ್ನು ಬಿಚ್ಚಿದರು, ಮತ್ತೊಂದನ್ನು ಮಾಡಲಿಲ್ಲ. ಈಗ ಅವರಿಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಚಕ್ರ ಹೋದ ಮೇಲೂ ಊರಿನವರು ಸಂಜೆ ನಮ್ಮ ಜಗುಲಿಯತ್ತ ಕಣ್ಣು ಹಾಯಿಸದೆ ಮುಂದೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಕರೆಂಟಿದ್ದರೂ ತಾತನವರು ಅಲ್ಲಿ ದೀಪ ಹಾಕಗೊಡದೆ, ಬದುಕಿರುವವರೆಗೂ ಕತ್ತಲಲ್ಲೇ ಕುಳಿತಿರುತ್ತಿದ್ದರು.