ಕಾರವಾರದ ತಿಮಿಂಗಿಲ, ಚಿತ್ತಾಪುರದ ಎಮ್ಮೆ

ಬೆಳಿಗ್ಗೆ ಮೊಮ್ಮಗಳು ಮೊಬೈಲಿನಲ್ಲಿ ತಿಮಿಂಗಿಲದ ವಿಡಿಯೋ ತೋರಿಸಿದಳು. ಅದು ಮೇಲೆದ್ದು ಬುಸ್ಸೆಂದು ಉಸಿರು ಬಿಟ್ಟಾಗ ನನಗೆ ಕಾರವಾರದ ದಂಡೆ ನೆನಪಾಯಿತು.

ನಿಜಾಮನ ಕಡೆಯ ದಿನಗಳವು. ರಜಾಕಾರರ ಹೆದರಿಕೆಗೆ ಚಿತ್ತಾಪುರದ ಮನೆ ಬಿಟ್ಟು, ಕಾರವಾರದಲ್ಲಿ ಮಾಸ್ತರಾಗಿದ್ದ ಕಾಕಾನ ಮನೆ ಸೇರಿದ್ದೆವು. ಹೊರಡುವಾಗ ಆಯಿ, ಅಂದರೆ ಅಪ್ಪನ ತಾಯಿ, ಎಮ್ಮೆಯ ಹಗ್ಗ ಬಿಚ್ಚಿ ಬಾ ಎಂದು ನನ್ನನ್ನು ಕಳಿಸಿದ್ದಳು. ಹಿತ್ತಲಿಗೆ ಹೋಗಲು ಹೆದರಿ, ಬಿಚ್ಚಿದೆ ಎಂದು ಸುಳ್ಳು ಹೇಳಿದ್ದೆ.

ಚಳಿಗಾಲಕ್ಕೆ ಅಲ್ಲಿ ದಂಡೆಯ ಹತ್ತಿರ ತಿಮಿಂಗಿಲಗಳು ಬರುತ್ತಿದ್ದವು. ಅವು ಮೀನಲ್ಲ, ಮ್ಯಾಮಲ್, ಅಂದರೆ ಮರಿಗೆ ಹಾಲುಣಿಸುವ ಪ್ರಾಣಿ ಎಂದು ಮುಂದೆ ಕಾಲೇಜಿನಲ್ಲಿ ಓದಿದೆ. ಉಳಿದ ಇಂಗ್ಲಿಷೆಲ್ಲ ಅರ್ಧಮರ್ಧ ಮರೆತಿದೆ. ಒಂದು ಸಂಜೆ ನೀರಿನಿಂದ ಕರ್ರಗಿನ ಬೆನ್ನು ಎದ್ದಿತು. ಉಸಿರು ದಡದವರೆಗೆ ಕೇಳಿತು.

"ಅಕಾ, ಅಲ್ಲಿ ನೋಡು, ನಮ್ಮ ಎಮ್ಮಿ!" ಎಂದಳು ಆಯಿ.

"ಅವ್ವಾ, ನಿನ್ನ ಎಮ್ಮಿ ಅಷ್ಟ್ ದಪ್ಪ ಇತ್ತೇನು?" ಕಾಕಾ ನಕ್ಕರು.

"ಹಗ್ಗ ಬಿಚ್ಚಿ ಬಿಟ್ರ ಬೇಕಾದಲ್ಲಿ ಮೇಯ್ತದ, ದಪ್ಪ ಆಗ್ಲಾರ್ದ ಏನು ಮಾಡ್ತದ?" ನನ್ನತ್ತ ತಿರುಗಿದಳು. "ಬಿಚ್ಚೀದಿ ಅಲ್ಲೇನೋ, ತಮ್ಮಾ?"

"ಬಿಚ್ಚೀನಿ, ಆಯಿ."

ಆಮೇಲೆ ದಿನಾ ಸಂಜೆ ನನ್ನ ಕೈ ಹಿಡಿದು ದಂಡೆಗೆ ಬಂದಳು. ಆ ಉಸಿರು ಕೇಳಿದಾಗೆಲ್ಲ ಅವಳ ಮುಖ ಅರಳುತ್ತಿತ್ತು. ನನಗೆ ಗೂಟಕ್ಕೆ ಕಟ್ಟಿದ ಎಮ್ಮೆ, ಅದರ ಮುಂದೆ ಬರಿದಾದ ನೀರಿನ ಬಾನಿ ಕಾಣುತ್ತಿತ್ತು.

ಊರಿಗೆ ಮರಳುವ ಮೊದಲೇ ಆಯಿ ತೀರಿಕೊಂಡಳು. ಮರಳಿದ ದಿನ ನಾನು ಮೊದಲು ಹಿತ್ತಲಿಗೆ ಓಡಿದೆ. ಗೂಟದಲ್ಲಿ ಹಗ್ಗವಿತ್ತು, ಗಂಟು ಹಾಗೇ ಇತ್ತು, ಪಕ್ಕದಲ್ಲಿ ಎಲುಬುಗಳು ಬಿದ್ದಿದ್ದವು.

ಹೆಂಡತಿ ಇರುವವರೆಗೆ ಅವಳಿಗೂ ಹೇಳಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಆಯಿ, ನಾನು ಬಿಚ್ಚಿರಲಿಲ್ಲ.