ಮೇಡಂ ಹೇಳಿದ ಸುಳ್ಳು

ನಮ್ಮ ಮೇಡಂ ಅವರ ಬಲಗೈಯ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ನೀರಿನ ಪರೀಕ್ಷೆಗೆ ಬಳಸುವ ಸಿಲ್ವರ್ ನೈಟ್ರೇಟ್ ಬಿಟ್ಟ ಕಲೆ. ಮದುವೆಮನೆಯಲ್ಲಿ ಯಾರಾದರೂ ದಿಟ್ಟಿಸಿದರೆ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಳ್ಳುತ್ತಿದ್ದರು. ಆದರೂ ಗ್ಲೌಸ್ ಹಾಕುತ್ತಿರಲಿಲ್ಲ; ಇದ್ದ ಗ್ಲೌಸುಗಳೆಲ್ಲ ವಿದ್ಯಾರ್ಥಿಗಳಾದ ನಮಗೆ. ಜಗಳವೆಂದರೆ ಅಂಜುವ ಹೆಂಗಸು. ಆಟೋದವನು ಜೋರು ಮಾಡಿದರೆ ಇಳಿದು ನಡೆದುಬಿಡುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ಅವರು ನನ್ನ ಪಿಎಚ್.ಡಿ. ಗೈಡ್. ಒಂದು ಪೇಂಟ್ ಕಂಪನಿಯ ದೇಣಿಗೆಯಿಂದ ಅವರ ಲ್ಯಾಬ್ ನಡೆಯುತ್ತಿತ್ತು, ನನ್ನ ಫೆಲೋಶಿಪ್ಪೂ ಬರುತ್ತಿತ್ತು. ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಅಪ್ಪ ಬೆನ್ನು ನೋವಿನಿಂದ ಮಲಗಿದ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದು ಅದರಲ್ಲೇ.

ಮೂರನೇ ವರ್ಷ, ಊರ ಹೊರಗಿನ ಹಳ್ಳಿಯೊಂದರ ಬೋರ್‌ವೆಲ್ ನೀರಿನಲ್ಲಿ, ಪೇಂಟಿಗೆ ಬಳಸುವ ವಿಷಕಾರಿ ಕ್ರೋಮಿಯಂ ಸಿಕ್ಕಿತು. ಹಳ್ಳಿಯ ಪಕ್ಕದಲ್ಲೇ ಆ ಕಂಪನಿಯ ಕಾರ್ಖಾನೆ. ಮತ್ತೆ ಮತ್ತೆ ಪರೀಕ್ಷಿಸಿದೆ. ಪ್ರತಿಸಲವೂ ಅಷ್ಟೇ ಬಂತು. ಫಲಿತಾಂಶದ ಹಾಳೆಯನ್ನು ಮೇಡಂ ಮುಂದಿಟ್ಟೆ.

"ಇದೊಂದು ಹಳ್ಳಿ ಬಿಟ್ಬುಡೋಣ ಮೇಡಂ. ಫೆಲೋಶಿಪ್ ನಿಂತ್ರೆ ನಮ್ಮನೆ ಕತೆ ಮುಗೀತು."

ಅವರು ಹಾಳೆಯ ಅಂಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ನಂಗೂ ಹೆದರಿಕೆ ಕಣಮ್ಮ. ರಿಪೋರ್ಟ್ ಮೊದಲು ನಮಗೆ ತೋರಿಸಿ ಅಂತ ನೆನ್ನೆ ಕಂಪನಿಯವರ ಫೋನ್ ಬಂತು. ಆದ್ರೆ ಆ ನೀರು ಕುಡಿಯೋರಿಗೆ ಹೆದರ್ಕೋಬೇಕು ಅಂತಾನೂ ಗೊತ್ತಿಲ್ವಲ್ಲ" ಎಂದರು.

ಲ್ಯಾಬಿನ ವಾರ್ಷಿಕ ಸಭೆಯಲ್ಲಿ ಕಂಪನಿಯ ಅಧಿಕಾರಿ ನಗುನಗುತ್ತಲೇ ಕೂತಿದ್ದರು. ಮೇಡಂ ತೋರಿಸುತ್ತಿದ್ದ ವರದಿಯಲ್ಲಿ ಆ ಹಳ್ಳಿಯ ಹೆಸರು ತೆರೆಯ ಮೇಲೆ ಬಂದಾಗ ನಗು ನಿಂತಿತು.

"ಈ ಟೆಸ್ಟ್ ಮಾಡಿದ್ದು ಯಾರು ಮೇಡಂ? ನಮ್ಮ ಫೆಲೋನಾ?" ಎಂದು ನನ್ನತ್ತ ತಿರುಗಿದರು.

"ನಾನೇ ಮಾಡಿದ್ದು. ಈ ಹುಡುಗಿ ಬಾಟ್ಲಿ ತೊಳೆದ್ಲು, ಅಷ್ಟೇ" ಎಂದರು ಮೇಡಂ. ಹೌದು ಎನ್ನುವಂತೆ ನಾನು ತಲೆಯಾಡಿಸಿಬಿಟ್ಟೆ.

ಅದೇ ವರದಿಯನ್ನು ಮೇಡಂ ಜಿಲ್ಲಾಡಳಿತಕ್ಕೂ ಕಳಿಸಿದರು. ಬೋರ್‌ವೆಲ್ ಮುಚ್ಚಿತು, ಕೆಲವು ತಿಂಗಳಲ್ಲಿ ಹಳ್ಳಿಗೆ ಹೊಳೆನೀರಿನ ನಲ್ಲಿ ಬಂತು. ಕಂಪನಿ ಲ್ಯಾಬಿನ ದೇಣಿಗೆ ನಿಲ್ಲಿಸಿತು. ಬರೀ ಬಾಟ್ಲಿ ತೊಳೆದವಳೆಂದು ನನ್ನ ಫೆಲೋಶಿಪ್ ಮಾತ್ರ ಕೊನೆಯವರೆಗೂ ಬಂತು. ಮೇಡಂ ಬಳಿ ಮತ್ತೆ ಯಾವ ವಿದ್ಯಾರ್ಥಿಯೂ ಸೇರಲಿಲ್ಲ. ನಿವೃತ್ತಿಯವರೆಗೂ ಆ ಲ್ಯಾಬಿನಲ್ಲಿ ಒಬ್ಬರೇ ಕೂತರು.

ಹೋದ ವರ್ಷ ಮೇಡಂಗೆ ಕಾಯಿಲೆ ಹೆಚ್ಚಾಯಿತೆಂದು ಕೇಳಿ ವಿದ್ಯಾರಣ್ಯಪುರಂನ ಅವರ ಮನೆಗೆ ಹೋದೆ. "ಅವತ್ತು ನಾನು ಮಾತಾಡಬೇಕಿತ್ತು ಮೇಡಂ" ಎಂದೆ. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ.

"ಹೂಂ ಕಣಮ್ಮ, ಮಾತಾಡಬೇಕಿತ್ತು" ಎಂದರು ಕಣ್ಣು ಮುಚ್ಚಿಕೊಂಡೇ. "ಮುಂದಿನ ಸಲ ಮಾತಾಡು."

ಹದಿನೈದು ದಿನಕ್ಕೆ ತೀರಿಕೊಂಡರು.

ಈಗ ನಾನೂ ಗೈಡ್. ನನ್ನ ವಿದ್ಯಾರ್ಥಿಗಳಿಗೂ ಇನ್ನಾವುದೋ ಕಂಪನಿಯ ಫೆಲೋಶಿಪ್. ಆ ಮುಂದಿನ ಸಲ ಇನ್ನೂ ಬಂದಿಲ್ಲ. ಬಂದಾಗ ಬಾಯಿ ಬಿಡುತ್ತೇನೋ ಇಲ್ಲವೋ ಎಂಬ ಭಯದಲ್ಲೇ ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುತ್ತೇನೆ.