ನಾಲ್ಕನೆಯ ಗುಂಡಿ ಮತ್ತು ಸಾವಿರ ತಿಂಗಳ ರಾತ್ರಿ

ನನ್ನ ಬಿಳಿ ಅಂಗಿಯ ಮೇಲಿನಿಂದ ನಾಲ್ಕನೆಯ ಗುಂಡಿ ನೀಲಿ ದಾರದಲ್ಲಿ ಕುಳಿತಿದೆ. ಮಿಕ್ಕವೆಲ್ಲ ಸಭ್ಯವಾಗಿ ಬಿಳಿ ದಾರದಲ್ಲಿದ್ದರೆ ಇದೊಂದು ಮಾತ್ರ ಹೊಟ್ಟೆಯ ನಟ್ಟನಡುವೆ, ಎದುರಿಗೆ ಕೂತವರ ಕಣ್ಣು ಬೀಳಲೇಬೇಕಾದ ಆಯಕಟ್ಟಿನ ಜಾಗದಲ್ಲಿ, ತನ್ನ ಬಣ್ಣವನ್ನು ಸಾರಿಕೊಂಡು ನಿಂತಿದೆ. ಬಟ್ಟೆ ಅಂಗಡಿಯವನ ಅಂಗಿಯೇ ಹೀಗಿದ್ದರೆ ಗಿರಾಕಿಗಳು ಏನೆಂದುಕೊಂಡಾರು ಎಂಬುದು ನನ್ನ ಹೆಂಡತಿಯ ನಿತ್ಯದ ತಕರಾರು. ದಾರ ಬದಲಿಸಲು ಐದು ನಿಮಿಷ ಸಾಕು. ಆದರೂ ಬದಲಿಸಿಲ್ಲ. ಅದರ ಕಾರಣ ಹೇಳಬೇಕಾದರೆ ರಂಜಾನ್ ತಿಂಗಳ ಕಡೆಯ ಹತ್ತು ದಿನಗಳಿಗೆ ನೀವು ನನ್ನೊಡನೆ ಬರಬೇಕಾಗುತ್ತದೆ. ದೂರವೇನಿಲ್ಲ, ಕೊಂಕಲ್ಲಿನ ನಮ್ಮ ಓಣಿಯವರೆಗೆ ಅಷ್ಟೆ.

ಮೊದಲು ನನ್ನ ಸ್ವಭಾವದ ಪರಿಚಯವಾಗಿಬಿಡಲಿ. ಹೇಳಿದ ಬೆಲೆಗೆ ನಾನು ಯಾವುದನ್ನೂ ಕೊಂಡವನಲ್ಲ. ಯಾದಗಿರಿಯ ಡಾಕ್ಟರು ಐದು ದಿನ ವಿಶ್ರಾಂತಿ ಎಂದಾಗ ಅದನ್ನು ಮೂರಕ್ಕೆ ಇಳಿಸಿಕೊಂಡು ಬಂದವನು. ಮಗಳ ನಿಶ್ಚಿತಾರ್ಥಕ್ಕೆ ಸುರಪುರದ ಬೀಗರು ಐವತ್ತು ಜನ ಬರುತ್ತೇವೆಂದಾಗ ಮೂವತ್ತಕ್ಕೆ ಒಪ್ಪಿಸಿದವನು. ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು, ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದವನಿಗೆ ಚೌಕಾಸಿಯೇ ವಿದ್ಯಾಭ್ಯಾಸ. ಸಲಹೆ ಕೊಡುವುದರಲ್ಲಿ ಮಾತ್ರ ಧಾರಾಳಿ, ಕೇಳದವರಿಗೂ ಕೊಡುತ್ತೇನೆ. ಈ ಔದಾರ್ಯವೇ ಒಂದು ದಿನ ನನ್ನ ಕೈಗೆ ಸೂಜಿ ಕೊಡಿಸೀತೆಂದು ಎಣಿಸಿರಲಿಲ್ಲ.

ಹಾಗೆ ತಿರುಗುತ್ತಿದ್ದ ಕಾಲದಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ, ಈ ಊರಿನ ಟೇಲರ್ ಒಬ್ಬರು ನನ್ನನ್ನು ಕರೆದು, "ಬಿಸಿಲಾಗ ಯಾಕ ನಿಂದರ್ತಿ ತಮ್ಮಾ, ನಮ್ಮ ಕಟ್ಟಿ ಮ್ಯಾಗ ಹಾಸ್ಕೊ" ಎಂದಿದ್ದರು. ಹಾಸಿಕೊಂಡೆ. ಆ ಕಟ್ಟೆಯೇ ಕ್ರಮೇಣ ಅಂಗಡಿಯಾಯಿತು. ಇಂದು ಅವರಿಲ್ಲ, ಅವರ ಮಗ ಮೈಬೂಬ ನನ್ನ ಅಂಗಡಿಯ ಮಗ್ಗುಲಲ್ಲೇ ಮಿಷಿನ್ ಇಟ್ಟುಕೊಂಡಿದ್ದಾನೆ. ನನ್ನಲ್ಲಿ ಕೊಂಡ ಬಟ್ಟೆಯನ್ನು ಅವನು ಹೊಲಿಯುತ್ತಾನೆ. ಹಿಂಭಾಗದಲ್ಲಿ ಅವನ ಹೆಂಡತಿ ಫಾತಿಮಾಬಿ ಹೆಣ್ಣುಮಕ್ಕಳ ಕುಬುಸ ಹೊಲಿಯುತ್ತಾಳೆ. ನಡುವೆ ಒಂದು ಪರದೆ, ಆದರೆ ಮಾತಿಗೆ ಪರದೆಯಿಲ್ಲ.

ಈ ಸಲದ ರಂಜಾನಿನಲ್ಲಿ, ಹದಿನೆಂಟನೆಯ ಉಪವಾಸದ, ಅಂದರೆ ರೋಜಾದ ದಿನ, ಕತ್ತರಿ ಕೆಳಗಿಟ್ಟು ಮೈಬೂಬ ಹೇಳಿದ: "ಈ ಸಲ ಮಸೀದ್ಯಾಗ ನಾನಾ ಕೂಡ್ತೀನ್ರಿ ಅಣ್ಣಾರ."

ಕೂಡುವುದೆಂದರೆ ಏತೆಕಾಫ್. ತಿಂಗಳ ಕಡೆಯ ಹತ್ತು ದಿನ ಮನೆ, ಮಿಷಿನ್, ಮಾರುಕಟ್ಟೆ ಎಲ್ಲ ಬಿಟ್ಟು ಮಸೀದಿಯಲ್ಲೇ ಉಳಿದು, ನಮಾಜು, ಪಾರಾಯಣ, ಪ್ರಾರ್ಥನೆಗಳಲ್ಲಿ ಕಳೆಯುವ ವ್ರತ. ಇದರಲ್ಲೊಂದು ಸೊಗಸಾದ ನಿಯಮವಿದೆ. ಎಲ್ಲರೂ ಕೂರಲೇಬೇಕೆಂದಿಲ್ಲ, ಓಣಿಯಲ್ಲಿ ಒಬ್ಬ ಕೂತರೆ ಎಲ್ಲರ ಹೊಣೆಯೂ ತೀರಿತು, ಒಬ್ಬನೂ ಕೂರದಿದ್ದರೆ ಆ ಕೊರತೆ ಎಲ್ಲರ ಮೇಲೂ ಉಳಿಯಿತು. ನಮ್ಮ ಓಣಿಯ ಪರವಾಗಿ ಎಷ್ಟೋ ವರ್ಷ ಕೂತವರು ಮುದುಕ ಚಾಂದಸಾಬರು. ಈ ಸಲ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಮಿಕ್ಕವರಲ್ಲಿ ಕೆಲವರು ದುಡಿಯಲು ಹೈದರಾಬಾದಿಗೆ ಹೋದವರು, ಕೆಲವರು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವವರು. ಉಳಿದವನು ಮೈಬೂಬನೊಬ್ಬ.

"ತಲಿ ಗಿಲಿ ಕೆಟ್ಟದೇನೋ ನಿಂದು?" ಎಂದೆ. "ಹಬ್ಬದ ಮುಂದಿನ ಹತ್ ದಿನ ಅಂದ್ರ ಟೇಲರಿಗೆ ಸುಗ್ಗಿ. ಓಣಿ ಮಕ್ಕಳ ಬಟ್ಟಿ ಎಲ್ಲಾ ನಿನ್ ಕಪಾಟಿನ್ಯಾಗ ಬಿದ್ದಾವ. ಹೊಲಿಯೋರು ಯಾರು?"

"ಅದಾ ಚಿಂತಿ ಆಗ್ಯದರಿ. ಆಗಲಿಲ್ಲ ಅಂದ್ರ ಬಟ್ಟಿ ವಾಪಸ್ ಕೊಟ್ಟುಬಿಡ್ತೀನಿ."

ವಾಪಸ್! ಈಗ ಕೊಟ್ಟರೆ ಶಹಾಪುರದ ಯಾವ ಟೇಲರ್ ತಗೊಂಡಾನು? ಅಷ್ಟೂ ಮಕ್ಕಳು ಹಬ್ಬದ ದಿನ ಹಳೆಯ ಅಂಗಿಯಲ್ಲಿ ನಿಲ್ಲಬೇಕು. ಮುಂದಿನ ವರ್ಷ ಆ ಮನೆಗಳವರು ಯಾದಗಿರಿಯ ರೆಡಿಮೇಡ್ ಅಂಗಡಿಗೆ ಹೋಗುತ್ತಾರೆ. ಒಮ್ಮೆ ಹೋದ ಗಿರಾಕಿ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಮೈಬೂಬನಿಗೂ ಇದು ಗೊತ್ತಿತ್ತು. ಅವನ ಮುಖ ನೋಡಿದರೆ ಮೂರು ರಾತ್ರಿ ನಿದ್ದೆ ಕೆಟ್ಟವನ ಹಾಗಿತ್ತು. ಅವನ ಸಂಕಟ ಕಂಡು ನನ್ನೊಳಗಿನ ಸಲಹೆಗಾರ ಎದ್ದು ಕೂತ.

ಈ ಹತ್ತು ದಿನಗಳಿಗೆ ಇಷ್ಟು ಮಹತ್ವವೇಕೆ ಎಂದು ಕೇಳಿದೆ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಪ್ಪಿದ್ದರೆ ತಪ್ಪು ನನ್ನದು, ಅವನದಲ್ಲ. ಕುರಾನ್ ಅವತರಿಸಿದ್ದು ಈ ದಿನಗಳ ಒಂದು ರಾತ್ರಿಯಲ್ಲಿ. ಬೆಟ್ಟದ ಗುಹೆಯಲ್ಲಿ ಒಬ್ಬರೇ ಧ್ಯಾನಕ್ಕೆ ಕೂತಿದ್ದ ಪ್ರವಾದಿಗಳ ಬಳಿ ದೇವದೂತ ಬಂದು, ಮೊಟ್ಟಮೊದಲು ಓದಲು ಹೇಳಿದ. ಅವರು, ನನಗೆ ಓದಲು ಬಾರದೆಂದರು. ದೂತ ಅವರನ್ನು ಮೂರು ಸಲ ಗಟ್ಟಿಯಾಗಿ ಅಪ್ಪಿ ಹಿಡಿದು, ಮತ್ತೆ ಓದೆಂದ. ಹಾಗೆ ಆರಂಭವಾಯಿತು. ಪ್ರವಾದಿಗಳು ಮೊದಲು ವ್ಯಾಪಾರ ಮಾಡುತ್ತಿದ್ದರೆಂದೂ ಪ್ರಾಮಾಣಿಕರೆಂದೇ ಹೆಸರಾಗಿದ್ದರೆಂದೂ ಕೇಳಿ ನನಗೆ ಮೊದಲು ಅಭಿಮಾನ, ಆಮೇಲೆ ನನ್ನ ಅಳತೆಗೋಲಿನ ಕುರಿತು ಸ್ವಲ್ಪ ಅಳುಕು ಉಂಟಾಯಿತು. ಆ ಪವಿತ್ರ ರಾತ್ರಿ, ಶಬ್-ಎ-ಖದ್ರ್, ಸಾವಿರ ತಿಂಗಳಿಗಿಂತ ಶ್ರೇಷ್ಠವಂತೆ. ನಾನು ತಕ್ಷಣ ಕ್ಯಾಲ್ಕ್ಯುಲೇಟರ್ ಒತ್ತಿದೆ: ಎಂಬತ್ಮೂರು ವರ್ಷ ನಾಲ್ಕು ತಿಂಗಳು! ಒಂದು ಇಡೀ ಆಯುಷ್ಯ, ಒಂದೇ ರಾತ್ರಿಗೆ. ಇಂಥ ವ್ಯವಹಾರ ನನ್ನ ವೃತ್ತಿಜೀವನದಲ್ಲಿ ಕಂಡದ್ದಿಲ್ಲ.

"ಹಂಗಾದ್ರ ಹಗುರ ಆತಲ್ಲೋ" ಎಂದೆ. "ಆ ರಾತ್ರಿ ಯಾವುದಂತ ಹೇಳು. ಅದೊಂದು ರಾತ್ರಿ ಕೂಡು. ಉಳಿದದ್ದೆಲ್ಲಾ ಹೊಲಿ."

"ಅದಾ ಯಾರಿಗೂ ಗೊತ್ತಿಲ್ರಿ. ಕಡೀ ಹತ್ತರಾಗ, ಬೆಸ ರಾತ್ರಿಯೊಳಗ ಹುಡುಕ್ರಿ ಅಂದಾರ."

"ಇಪ್ಪತ್ತೇಳು ಅಂತಾರಲ್ಲ ಎಲ್ಲಾರೂ?"

"ಅಂತಾರ. ಗ್ಯಾರಂಟಿ ಯಾರೂ ಕೊಟ್ಟಿಲ್ಲ."

"ಐದು ಬೆಸ ರಾತ್ರಿ. ಐದಕ್ಕ ಮುಗಸು."

"ಅಣ್ಣಾರ, ಇದು ಪೀಸ್ ಬಟ್ಟಿ ಅಲ್ರಿ, ಹರದು ಕೊಡಾಕ" ಎಂದು ಮೈಬೂಬ ನಕ್ಕ. ಮೂರು ದಿನಗಳಲ್ಲಿ ಮೊದಲ ಸಲ ನಕ್ಕಿದ್ದ.

ನಾನು ಸೋಲೊಪ್ಪುವವನಲ್ಲ. ಮಾರ್ಗ ಬದಲಿಸಿದೆ. ಹೊಲಿಗೆಯನ್ನು ಫಾತಿಮಾಬಿ ಮಾಡಲಿ, ಅವಳ ಕೈ ಇವನಿಗಿಂತ ಚೊಕ್ಕ ಎಂದೆ. ಹೊಲಿಯುತ್ತಾಳೆ, ಗುಂಡಿ ತೂರಿಸುವ ಕಾಜಾ ಕೂಡ ಹಾಕುತ್ತಾಳೆ, ಆದರೆ ಗುಂಡಿ ಹಚ್ಚಲು ಹೊತ್ತು ಸಾಲುವುದಿಲ್ಲ ಎಂದ. ಆಗ ನನ್ನ ಬಾಯಿಂದ ಆ ಮಾತು ಹೊರಟಿತು:

"ಗುಂಡಿ ಹಚ್ಚೂದು ಏನ್ ದೊಡ್ಡ ವಿದ್ಯಾನೋ? ಯಾರ್ ಬೇಕಾದ್ರೂ ಹಚ್ತಾರ!"

ಪರದೆಯ ಹಿಂದೆ ಮಿಷಿನ್ ನಿಂತಿತು. "ಹಂಗಾದ್ರ ನೀವಾ ಹಚ್ರಿ ಅಣ್ಣಾರ" ಎಂದಳು ಫಾತಿಮಾಬಿ. "ಹ್ಯಾಂಗೂ ಮಧ್ಯಾಹ್ನ ಗಿರಾಕಿ ಇರಂಗಿಲ್ಲ, ಗಾದಿ ಮ್ಯಾಗ ಗೊರಕಿ ಹೊಡಿತಿರ್ತೀರಿ."

ಪ್ರಿಯ ಓದುಗರೇ, ನನ್ನ ಜೀವಮಾನದಲ್ಲಿ ಒಂದೇ ಒಂದು ವ್ಯವಹಾರದಲ್ಲಿ ಎದುರಾಳಿಯ ಮೊದಲ ಮಾತಿಗೇ ಒಪ್ಪಿದ್ದೇನೆಂದರೆ ಅದು ಇದು.

ಮೈಬೂಬ ಇಪ್ಪತ್ತನೆಯ ರೋಜಾದ ಸಂಜೆ, ಸೂರ್ಯ ಮುಳುಗುವ ಮೊದಲು, ಒಂದು ಚಾಪೆ, ಒಂದು ದಿಂಬು ಹಿಡಿದು ಮಸೀದಿಯೊಳಗೆ ಹೋದ. ಮರುದಿನದಿಂದ ನನ್ನ ಶಿಕ್ಷಣ ಆರಂಭ. ಗುಂಡಿಯೆಂಬುದು ಎಷ್ಟು ಹಟಮಾರಿ ಜೀವಿಯೆಂಬುದು ಹಚ್ಚಿದವನಿಗೇ ಗೊತ್ತು. ಬಿಗಿಯಾದರೆ ಬಟ್ಟೆ ಮುದುಡುತ್ತದೆ, ಸಡಿಲಾದರೆ ಜೋತು ಬೀಳುತ್ತದೆ. ಸರಿಯಾದರೆ ಕಾಜಾದ ಎದುರಿಗೆ ಬರುವುದಿಲ್ಲ. ಸೂಜಿಗೆ ದಾರ ಪೋಣಿಸುವುದಂತೂ ನನ್ನ ಕಣ್ಣಿಗೆ ಮೀರಿದ ಮಾತು. ನನ್ನ ಪರದಾಟ ನೋಡಲಾರದೆ ಫಾತಿಮಾಬಿ ಬೆಳಿಗ್ಗೆಯೇ ಬಣ್ಣಬಣ್ಣದ ದಾರ ಪೋಣಿಸಿದ ಸೂಜಿಗಳನ್ನು ಒಂದು ಮೆತ್ತೆಗೆ ಚುಚ್ಚಿ ಕಳಿಸತೊಡಗಿದಳು. ಉಪವಾಸದಲ್ಲಿ, ಮಾರ್ಚಿನ ಆ ಸೆಕೆಯಲ್ಲಿ, ಗುಟುಕು ನೀರಿಲ್ಲದೆ ಅವಳು ಇಡೀ ದಿನ ಮಿಷಿನ್ ತುಳಿಯುತ್ತಿದ್ದಳು. ನಾನು ಎರಡು ಗುಂಡಿಗೊಮ್ಮೆ ಚಹಾ ತರಿಸುತ್ತಿದ್ದವನು, ಎರಡನೆಯ ದಿನದಿಂದ ತರಿಸುವುದನ್ನು ಬಿಟ್ಟೆ. ಯಾರೂ ಬಿಡು ಎಂದಿರಲಿಲ್ಲ.

ಒಮ್ಮೆ ಒಂದು ಅಂಗಿಯ ಅಳತೆ ಗೊಂದಲವಾಗಿ, ಮಸೀದಿಯ ಕಿಟಕಿಯ ಹೊರಗೆ ನಿಂತು ಮೈಬೂಬನನ್ನು ಕೂಗಿದೆ. ಕಿಟಕಿಗೆ ಬಂದವನ ಗಡ್ಡ ಸ್ವಲ್ಪ ಬೆಳೆದಿತ್ತು, ಮುಖ ತಿಳಿಯಾಗಿತ್ತು. "ಅಣ್ಣಾರ, ದಂಧೆ ಮಾತು ಹೊರಗ ಬಿಟ್ಟು ಬಂದೀನ್ರಿ. ನೋಟ್‌ಬುಕ್ ಆಕಿ ಹಂತ್ಯಾಕ ಅದ, ಆಕಿಗಿ ಕೇಳ್ರಿ" ಎಂದು ಕೈ ಮುಗಿದ. ಅಂಗಡಿಗೆ ಮರಳುವಾಗ ಯೋಚಿಸಿದೆ: ನಾನು ಕಡೆಯ ಸಲ ದಂಧೆಯನ್ನು ಹೊರಗೆ ಬಿಟ್ಟು ಒಳಗೆ ಹೋದದ್ದು ಯಾವಾಗ? ಮಲಗುವ ಕೋಣೆಗೂ ಅದನ್ನು ಜೊತೆಗೇ ಕರೆದೊಯ್ಯುವವನು ನಾನು.

ಏಳನೆಯ ದಿನ ಮಗಳ ನಿಶ್ಚಿತಾರ್ಥ. ಆ ಬೆಳಿಗ್ಗೆಯವರೆಗೂ ಮಕ್ಕಳ ಅಂಗಿಗಳದೇ ಸರದಿ. ನಿಶ್ಚಿತಾರ್ಥಕ್ಕೆಂದು ಫಾತಿಮಾಬಿ ಹೊಲಿದಿದ್ದ ನನ್ನ ಬಿಳಿ ಅಂಗಿ ಕೊನೆಗೆ. ನಾಲ್ಕನೆಯ ಗುಂಡಿಗೆ ಬಂದಾಗ ಮೆತ್ತೆಯಲ್ಲಿ ಬಿಳಿ ದಾರದ ಸೂಜಿ ತೀರಿಹೋಗಿತ್ತು, ಬೀಗರ ಗಾಡಿ ಊರೊಳಗೆ ಬಂದಿತ್ತು. ಕೈಗೆ ಸಿಕ್ಕ ನೀಲಿಯಲ್ಲಿ ಹಚ್ಚಿ ಓಡಿದೆ. ಸುರಪುರದ ಹಿರಿಯರೊಬ್ಬರು ಆ ಗುಂಡಿಯನ್ನೇ ನೋಡುತ್ತಾ ತಾಂಬೂಲ ಬದಲಿಸಿದರು.

ಚಂದ್ರ ಕಂಡ ಸಂಜೆ ಮೈಬೂಬ ಹೊರಗೆ ಬಂದ. ಮಾರನೆಯ ಬೆಳಿಗ್ಗೆ ಓಣಿಯ ಅಷ್ಟೂ ಮಕ್ಕಳು ಹೊಸ ಬಟ್ಟೆಯಲ್ಲಿ ನನ್ನ ಅಂಗಡಿಯ ಮುಂದೆಯೇ ಹಾದುಹೋದರು. ಒಬ್ಬನದೂ ಗುಂಡಿ ಉದುರಿರಲಿಲ್ಲ. ಇದನ್ನು ಒಂದೊಂದಾಗಿ ಎಣಿಸಿ ಖಾತ್ರಿಪಡಿಸಿಕೊಂಡಿದ್ದೇನೆ. ಹಬ್ಬದ ಶಾವಿಗೆ ಪಾಯಸ ಸುರಕುಂಬಾದ ಬಟ್ಟಲು ಹಿಡಿದು ಬಂದ ಮೈಬೂಬನನ್ನು ಕೂರಿಸಿಕೊಂಡು ಕೇಳಿಯೇಬಿಟ್ಟೆ:

"ಆ ರಾತ್ರಿ ಸಿಕ್ತೇನೋ?"

"ಯಾರಿಗೆ ಗೊತ್ತರಿ. ಸಿಕ್ಕಿರಬೇಕು. ಹತ್ತೂ ರಾತ್ರಿ ಎಚ್ಚರಿದ್ದೆ." ಬಟ್ಟಲನ್ನು ನನ್ನ ಕಡೆ ಸರಿಸಿ ಅಂದ: "ಇಂಥಾ ದಿನಾ ಅಂತ ಹೇಳಿಬಿಟ್ಟಿದ್ರ, ನೀವು ಅದೊಂದು ದಿನಾ ಗುಂಡಿ ಹಚ್ಚಿ ಉಳಿದ ದಿನಾ ಗಾದಿ ಮ್ಯಾಗ ಮಲಗ್ತಿದ್ರಿ, ಹೌದಿಲ್ರಿ?"

ಬೆಲೆಯನ್ನು ಕಡೆಯವರೆಗೂ ಬಿಟ್ಟುಕೊಡದವನೇ ಒಳ್ಳೆಯ ವ್ಯಾಪಾರಿಯೆಂದು ಮೂವತ್ತು ವರ್ಷ ನಂಬಿದವನಿಗೆ, ದಿನಾಂಕವನ್ನು ಬಿಟ್ಟುಕೊಡದೆ ಹತ್ತೂ ದಿನಗಳನ್ನು ಬೆಲೆಯುಳ್ಳದ್ದಾಗಿಸುವ ಈ ಉಪಾಯ ಅರ್ಥವಾಗಲು ಒಂದು ಮೆತ್ತೆ ಸೂಜಿ ಬೇಕಾಯಿತು. ಆದರೂ ಹಳೆಯ ಚಟ ಬಿಡುತ್ತದೆಯೇ?

"ಇಷ್ಟು ಗುಂಡಿ ಹಚ್ಚೀನಿ. ದುವಾದಾಗ ನನ್ನ ಹೆಸರು ಒಂದ್ ಸಲನಾದ್ರೂ ಹೇಳಿದೇನೋ?"

ಮೈಬೂಬ ನನ್ನನ್ನೇ ದಿಟ್ಟಿಸಿದ. "ಓಣಿ ಪರವಾಗಿ ಕೂತಿದ್ದೆ ನಾ. ನಿಮ್ಮ ಮನಿ ಯಾವ ಓಣ್ಯಾಗ ಅದರಿ ಅಣ್ಣಾರ?"

ಸುರಕುಂಬಾ ಕುಡಿದೆ. ಇವನ ಅಪ್ಪ ಕಟ್ಟೆ ತೋರಿಸಿದ ಆ ಬಿಸಿಲು ಮಧ್ಯಾಹ್ನವೇ ನಾನು ಈ ಓಣಿಯ ಲೆಕ್ಕಕ್ಕೆ ಸೇರಿಬಿಟ್ಟಿದ್ದೆ. ನನಗೇ ಅದು ತಿಳಿದಿರಲಿಲ್ಲ.

ಏಳುವಾಗ ಅವನ ಕಸುಬಿನ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. "ಅಯ್ಯ, ಬಿಚ್ಚಿಕೊಡ್ರಿ, ಬಿಳೇ ದಾರದಾಗ ಹಚ್ಚಿಕೊಡ್ತೀನಿ" ಎಂದ. ಕೊಡಲಿಲ್ಲ. ಮೊನ್ನೆ ಆ ಗುಂಡಿ ತಾನಾಗಿಯೇ ಸಡಿಲಾಯಿತು; ನನ್ನ ಹೊಲಿಗೆಯ ಆಯುಷ್ಯ ಅಷ್ಟೇ. ಹೆಂಡತಿ ಸಂತೋಷದಿಂದ ಬಿಳಿ ದಾರದ ಉಂಡೆ ತಂದಿಟ್ಟಳು. ನಾನು ಕಿಟಕಿಯ ಬೆಳಕಿಗೆ ಕೂತು, ಹನ್ನೊಂದನೆಯ ಪ್ರಯತ್ನಕ್ಕೆ ಸೂಜಿಯ ಕಣ್ಣಿಗೆ ದಾರ ತೂರಿಸಿ, ನಾಲ್ಕನೆಯ ಗುಂಡಿಯನ್ನು ಮತ್ತೆ ಹಚ್ಚಿದೆ. ನೀಲಿ ದಾರದಲ್ಲಿಯೇ.